ಪರಮಾಣುವಿನ ಪತನ, ಗುರುತ್ವದ ಮಾಪನ ಮತ್ತು ಅನುಕರಣ ತಂತ್ರಾಂಶದ ಪ್ರಾಮಾಣ್ಯವಿಚಾರ

1

ಕನ್ನಡದ ವಿಜ್ಞಾನಗ್ರಂಥಗಳಲ್ಲಿ ನಿತ್ಯವೂ ಬಳಕೆಯಾಗುತ್ತಿರುವ ‘ಪರಮಾಣು’, ‘ಗುರುತ್ವ’ ಎಂಬ ಎರಡು ಶಬ್ದಗಳು ವೈಶೇಷಿಕ ದರ್ಶನದಿಂದ ಬಂದವುಗಳೆಂಬದು ವಿದ್ವಜ್ಜನರಿಗೆ ವಿದಿತವೇ ಇದೆ. ಆ ದರ್ಶನದವರು ಎಣಿಸಿದ ಇಪ್ಪತ್ತನಾಲ್ಕು ಗುಣಗಳಲ್ಲಿ ಗುರುತ್ವವೂ ಒಂದು. ಅದು ಪೃಥಿವೀ ಮತ್ತು ಜಲಗಳಲ್ಲಿ ಮಾತ್ರ ಇರುವದು. ವಸ್ತುವಿನ ಮೊದಲ ಪತನಕ್ಕೆ ಕಾರಣವಾಗುವದು. ಇಂದ್ರಿಯಗಳಿಗೆ ಗೋಚರವಲ್ಲದ ಅದನ್ನು ಬೀಳುವ ಕ್ರಿಯೆಯಿಂದಲೇ ಊಹಿಸತಕ್ಕದ್ದೆಂಬದು ಪ್ರಶಸ್ತಪಾದಾಚಾರ್ಯರ ಅಭಿಪ್ರಾಯ. ಈ ಮಾತನ್ನೇ ಹಿಡಿದು, ನ್ಯೂಟನ್ನನು ಹೇಳಿದ ಆಕರ್ಷಣವು ಪ್ರಾಚೀನರಿಗೆ ಮೊದಲೇ ತಿಳಿದಿತ್ತೆಂದು ಸಾಧಿಸಹೊರಡುವದು ಯುಕ್ತವಲ್ಲ. ಎರಡು ವಸ್ತುಗಳು ಒಂದನ್ನೊಂದು ಸೆಳೆಯುವವೆಂಬ ಕಲ್ಪನೆಯಾಗಲಿ, ಆ ಸೆಳೆತವು ದೂರದ ವರ್ಗಕ್ಕೆ ಅನುಸಾರವಾಗಿ ಕಡಿಮೆಯಾಗುವದೆಂಬ ಗಣಿತವಾಗಲಿ ಅಲ್ಲಿ ಇಲ್ಲ. ಆದರೆ ಬೀಳುವದನ್ನು ಕಂಡು ಗುರುತ್ವವನ್ನು ತಿಳಿಯಬೇಕೆಂಬ ಮಾತು ಮಾತ್ರ ಇಂದಿಗೂ ನಿಂತಿದೆ. 1991ರಿಂದೀಚೆಗೆ ಪರಮಾಣುಗಳನ್ನೇ ಬೀಳಬಿಟ್ಟು ಗುರುತ್ವವನ್ನು ಅಳೆಯುವ ಯಂತ್ರಗಳು ಸಿದ್ಧವಾಗಿವೆ. ಅಂಥ ಯಂತ್ರವನ್ನು ಕಟ್ಟುವದಕ್ಕೆ ಮುಂಚೆ ಅದು ಹೇಗೆ ನಡೆದೀತೆಂಬದನ್ನು ಗಣಕಯಂತ್ರದಲ್ಲಿ ಲೆಕ್ಕಹಾಕಿ ನೋಡುವ ತಂತ್ರಾಂಶಗಳೂ ಹುಟ್ಟಿಕೊಂಡಿವೆ. ಈ ತಂತ್ರಾಂಶಗಳು ಮಾಡುವ ಕೆಲಸವೇನು, ಅವು ಕೊಡುವ ಉತ್ತರಕ್ಕೆ ಎಷ್ಟರಮಟ್ಟಿನ ಪ್ರಾಮಾಣ್ಯವುಂಟು ಎಂಬ ಎರಡು ಪ್ರಶ್ನೆಗಳೇ ಪ್ರಕೃತ ಲೇಖನದ ವಿಷಯ.

2

ಈ ವಿಷಯಕ್ಕೂ ಧಾರವಾಡಕ್ಕೂ ಇರುವ ಸಂಬಂಧವು ದೂರದ್ದಲ್ಲ. 1880ರ ದಶಕದಲ್ಲಿ ಭಾರತೀಯ ಭೂವೈಜ್ಞಾನಿಕ ಇಲಾಖೆಯ ರಾಬರ್ಟ್ ಬ್ರೂಸ್ ಫೂಟನು ದಕ್ಷಿಣ ಭಾರತದ ಅತಿ ಪುರಾತನವಾದ ಪದರಗಲ್ಲುಗಳ ವರ್ಗವೊಂದನ್ನು ಬೇರ್ಪಡಿಸಿ, ಅದಕ್ಕೆ ಈ ಊರಿನ ಹೆಸರನ್ನೇ ಇಟ್ಟನು. ಭೂವಿಜ್ಞಾನಿಗಳು ಇಂದಿಗೂ ಅದನ್ನು ಧಾರವಾಡದ ಹೆಸರಿನಿಂದಲೇ ಗುರುತಿಸುವರು. 250 ಕೋಟಿ ವರ್ಷಗಳಿಗೂ ಹಳೆಯವಾದ ಈ ಕಲ್ಲುಗಳು ಪಟ್ಟಿಪಟ್ಟಿಯಾಗಿ ನಾಡಿನಲ್ಲಿ ಹಬ್ಬಿಕೊಂಡಿವೆ. ಗದಗಿನ ಕಪ್ಪತಗುಡ್ಡದಿಂದ ಚಿತ್ರದುರ್ಗದ ಕಡೆಗೆ ಸಾಗುವ ಪಟ್ಟಿಯು ಅವುಗಳಲ್ಲಿ ಪ್ರಸಿದ್ಧವಾದದ್ದು. ಹಟ್ಟಿಯ ಚಿನ್ನವೂ ಕೋಲಾರದ ಚಿನ್ನವೂ ಇಂಥವೇ ಪಟ್ಟಿಗಳಲ್ಲಿ ದೊರೆತವು. ಈ ಪದರಗಲ್ಲು ಸುತ್ತಲಿನ ಗ್ರಾನೈಟಿಗಿಂತ ಸಾಮಾನ್ಯವಾಗಿ ಹೆಚ್ಚು ಸಾಂದ್ರವಾಗಿರುವದರಿಂದ, ಅದು ಇರುವ ಕಡೆ ನೆಲದ ಸೆಳೆತವು ತುಸು ಹೆಚ್ಚು. ಆದ್ದರಿಂದ ನೆಲವನ್ನು ಅಗಿಯದೆ, ಗುರುತ್ವವನ್ನು ಅಳೆದೇ ಒಳಗಿನ ಕಲ್ಲಿನ ಹಬ್ಬುಗೆಯನ್ನು ಅನುಮಾನಿಸಬಹುದು.

ಈ ‘ತುಸು’ ಎಂಬದು ಎಷ್ಟೆಂದು ತಿಳಿದಲ್ಲದೆ ಮುಂದಿನ ಮಾತು ಸ್ಪಷ್ಟವಾಗದು. ಧಾರವಾಡದಲ್ಲಿ ಬೀಳುವ ವಸ್ತುವಿನ ವೇಗವು ಪ್ರತಿಯೊಂದು ಸೆಕೆಂಡಿಗೆ ಸುಮಾರು 9.78 ಮೀಟರಿನಷ್ಟು ಹೆಚ್ಚುತ್ತ ಹೋಗುವದು. ಇದರ ಸುಮಾರು ಹತ್ತು ಲಕ್ಷದಲ್ಲೊಂದಂಶಕ್ಕೆ ‘ಮಿಲಿಗ್ಯಾಲ್’ ಎಂದು ಹೆಸರು. ಗೆಲಿಲಿಯೋನ ಸ್ಮರಣಾರ್ಥವಾಗಿ ಬಂದ ಪರಿಮಾಣವಿದು. ಪದರಗಲ್ಲು ಒಂದು ಘನ ಸೆಂಟಿಮೀಟರಿಗೆ 0.2 ಗ್ರಾಂ ಹೆಚ್ಚು ತೂಕವುಳ್ಳದ್ದೆಂದೂ, 100 ಮೀಟರು ದಪ್ಪವಾಗಿ ವಿಶಾಲವಾಗಿ ಹಾಸಿದೆಯೆಂದೂ ಇಟ್ಟುಕೊಂಡರೆ, ಮೇಲೆ ನಿಂತವನಿಗೆ ಅದರಿಂದ ಬರುವ ಹೆಚ್ಚಳವು ಸುಮಾರು 0.84 ಮಿಲಿಗ್ಯಾಲ್ ಮಾತ್ರ. ಮನೆಯ ಒಂದು ಮಾಳಿಗೆ ಏರಿದರೆ ಭೂಕೇಂದ್ರದಿಂದ ದೂರವಾದದ್ದರಿಂದ ಆಗುವ ಇಳಿತವೂ ಸುಮಾರಾಗಿ ಅಷ್ಟೇ. ಇಂಥ ಸೂಕ್ಷ್ಮವನ್ನು ಹಿಡಿಯಬೇಕಾದ ಯಂತ್ರದಲ್ಲಿ ಎಷ್ಟು ಎಚ್ಚರ ಬೇಕೆಂಬದು ಇದರಿಂದ ವ್ಯಕ್ತವಾಗುವದು.

ಹಿಂದೆ ಈ ಕೆಲಸಕ್ಕೆ ಲೋಲಕವೇ ಸಾಧನವಾಗಿತ್ತು. ಮಹಾ ತ್ರಿಕೋನಮಿತಿ ಮೋಜಣಿಯ ಅಂಗವಾಗಿ 1865ರಲ್ಲಿ ಕ್ಯಾಪ್ಟನ್ ಬಸೆವಿಯು ಭಾರತದಲ್ಲಿ ಲೋಲಕಮಾಪನವನ್ನು ಆರಂಭಿಸಿದನು. ಅವನ ಠಾಣೆಗಳಲ್ಲಿ ಬೆಂಗಳೂರೂ ಒಂದು. ಒಂದೊಂದು ಠಾಣೆಯಲ್ಲಿಯೂ ದಿನಗಟ್ಟಲೆ ಲೋಲಕವನ್ನು ತೂಗಿಸಿ, ಶಾಖಕ್ಕೆ ಇಷ್ಟು, ಗಾಳಿಗೆ ಇಷ್ಟು ಎಂದು ತಿದ್ದುಪಡಿಗಳನ್ನು ಕಳೆಯಬೇಕಾಗುತ್ತಿತ್ತು. 1871ರಲ್ಲಿ ಲಡಾಖಿನ ಮೋರೆ ಎಂಬಲ್ಲಿ, ಹದಿನೈದು ಸಾವಿರ ಅಡಿಗಳಿಗಿಂತ ಎತ್ತರದ ಬಯಲಿನಲ್ಲಿ, ಮಾಪನಕಾರ್ಯದಲ್ಲಿರುವಾಗಲೇ ಅವನು ತೀರಿಕೊಂಡನು. ಯಂತ್ರದ ಗುಣದೋಷಗಳನ್ನು ಅದನ್ನು ಹೊತ್ತೊಯ್ದು ಪ್ರಯೋಗಿಸಿಯೇ ಅರಿಯಬೇಕಾಗಿದ್ದ ಕಾಲವದು.

3

ಪರಮಾಣುಯಂತ್ರದ ತತ್ತ್ವವು ಬೇರೆ. 1924ರಲ್ಲಿ ಫ್ರಾನ್ಸಿನ ಲೂಯಿ ದ ಬ್ರೋಯಿಯು ದ್ರವ್ಯಕಣಗಳಿಗೂ ತರಂಗಧರ್ಮವುಂಟೆಂದು ಪ್ರತಿಪಾದಿಸಿದನು. ಕೆರೆಯಲ್ಲಿ ಎರಡು ಹರಳುಗಳನ್ನು ಒಗೆದಾಗ ಏಳುವ ತೆರೆಗಳು ಕೂಡುವ ಕಡೆ, ಏರಿಗೆ ಏರು ಸೇರಿದರೆ ತೆರೆ ಹೆಚ್ಚುವದು, ಏರಿಗೆ ಇಳಿತ ಸೇರಿದರೆ ಅಡಗುವದು. ಇದಕ್ಕೆ ವ್ಯತಿಕರಣವೆಂದು ಹೆಸರು. ಒಂದೇ ಪರಮಾಣುವಿನ ತರಂಗವನ್ನು ಎರಡು ದಾರಿಗಳಲ್ಲಿ ನಡೆಯಿಸಿ ಮತ್ತೆ ಕೂಡಿಸಿದರೆ ಅಲ್ಲಿಯೂ ಇದೇ ಘಟಿಸುವದು. 1991ರಲ್ಲಿ ಅಮೇರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಕಸೆವಿಚ್ ಮತ್ತು ಸ್ಟೀವನ್ ಚೂ ಎಂಬವರು ಲೇಸರ್ ಬೆಳಕಿನ ಮಿಡಿತಗಳಿಂದ ಇದನ್ನು ಸಾಧಿಸಿ, ಅದರಿಂದ ಗುರುತ್ವವನ್ನು ಅಳೆದು ತೋರಿಸಿದರು.

ಇಂದು ಇಂಥ ಯಂತ್ರಗಳಲ್ಲಿ ಬಹುಮಟ್ಟಿಗೆ ರುಬಿಡಿಯಂ ಧಾತುವನ್ನು ಬಳಸುವರು. ಗಾಳಿಯನ್ನು ಪೂರ್ಣವಾಗಿ ಹೊರತೆಗೆದ ಪಾತ್ರೆಯಲ್ಲಿ ಆರು ಕಡೆಗಳಿಂದ ಲೇಸರ್ ಕಿರಣಗಳನ್ನು ಹಾಯಿಸಿದರೆ, ಸೆಕೆಂಡಿಗೆ ನೂರಾರು ಮೀಟರಿನ ವೇಗದಿಂದ ಓಡಾಡುವ ಪರಮಾಣುಗಳು ಸೆಕೆಂಡಿಗೆ ಒಂದೆರಡು ಸೆಂಟಿಮೀಟರಿನಷ್ಟು ಮಂದಗತಿಗೆ ಇಳಿಯುವವು. ಆಗ ಕಿರಣಗಳನ್ನು ಆರಿಸಿದೊಡನೆ ಪರಮಾಣುಗಳ ಮೇಘವು ಕೆಳಗೆ ಬೀಳತೊಡಗುವದು. ಬೀಳುವಾಗ ಅದರ ಮೇಲೆ ಬೆಳಕಿನ ಮೂರು ಮಿಡಿತಗಳು ಹಾಯುವವು. ಮೊದಲನೆಯದು ಪ್ರತಿಯೊಂದು ಪರಮಾಣುತರಂಗವನ್ನು ಎರಡು ದಾರಿಗಳಾಗಿ ಒಡೆಯುವದು, ಎರಡನೆಯದು ಆ ದಾರಿಗಳನ್ನು ಒಂದರ ಕಡೆಗೊಂದು ತಿರುಗಿಸುವದು, ಮೂರನೆಯದು ಕೂಡಿಸುವದು. ಕೂಡಿದಾಗ ಎರಡು ತರಂಗಗಳ ನಡುವೆ ಉಳಿಯುವ ಹಿಂದುಮುಂದು, ಅಂದರೆ ಹಂತದ ಅಂತರವು, ಗುರುತ್ವದಿಂದಲೂ ಎರಡು ಮಿಡಿತಗಳ ನಡುವಣ ಕಾಲದ ವರ್ಗದಿಂದಲೂ ನಿರ್ಣಯಿಸಲ್ಪಡುವದು.

ಮಿಡಿತಗಳ ನಡುವೆ ಸೆಕೆಂಡಿನ ಹತ್ತನೆಯ ಒಂದು ಪಾಲು ಕಾಲವಿದೆಯೆಂದಿರಲಿ. ರುಬಿಡಿಯಂ ಪರಮಾಣುವಿಗೆ ಒಪ್ಪುವ ಬೆಳಕಿನ ತರಂಗದೈರ್ಘ್ಯವು 780 ನ್ಯಾನೋಮೀಟರು. ಗಣಿತವನ್ನು ನಡೆಯಿಸಿದರೆ ಹಂತದ ಅಂತರವು ಸುಮಾರು 15,75,000 ರೇಡಿಯನ್, ಅಂದರೆ ಸುಮಾರು ಎರಡೂವರೆ ಲಕ್ಷ ಪೂರ್ಣ ಸುತ್ತುಗಳಾಗುವದು. ಒಂದು ಮಿಲಿಗ್ಯಾಲ್ ವ್ಯತ್ಯಾಸಕ್ಕೆ 1.6 ರೇಡಿಯನ್, ಎಂದರೆ ಕಾಲು ಸುತ್ತು, ಬದಲಾಗುವದು. ಕಾಲು ಸುತ್ತನ್ನು ಗುರುತಿಸುವದು ಕಷ್ಟವಲ್ಲ. ಅದರ ಸಾವಿರದಲ್ಲೊಂದಂಶವನ್ನು ಗುರುತಿಸುವದೇ ಈ ಶಿಲ್ಪದ ಗುರಿ.

4

ಒಂದೇ ಪರಮಾಣು, ಆದರ್ಶವಾದ ಬೆಳಕು, ಅಲುಗದ ನೆಲ ಎಂದಾದರೆ ಮೇಲಿನ ಲೆಕ್ಕವನ್ನು ಕಾಗದದ ಮೇಲೆಯೇ ಮುಗಿಸಬಹುದು. ವಾಸ್ತವಿಕ ಯಂತ್ರದಲ್ಲಿ ಲಕ್ಷಾವಧಿ ಪರಮಾಣುಗಳಿರುವವು. ಒಂದೊಂದರ ಸ್ಥಾನವೂ ಬೇರೆ, ವೇಗವೂ ಬೇರೆ. ಬೆಳಕಿನ ಕಿರಣವು ನಡುವೆ ತೀಕ್ಷ್ಣವಾಗಿದ್ದು ಅಂಚಿನಲ್ಲಿ ಮಂದವಾಗಿರುವದು. ಇಲ್ಲಿ ತಂತ್ರಾಂಶವು ಕೆಲಸಕ್ಕೆ ಬರುವದು. ಅದು ಕೆಲವು ಸಾವಿರ ಪರಮಾಣುಗಳನ್ನು ಕಲ್ಪಿಸಿಕೊಂಡು, ಪಗಡೆಯ ದಾಳ ಒಗೆದಂತೆ ಯಾದೃಚ್ಛಿಕವಾಗಿ, ಆದರೆ ಮೇಘದ ಉಷ್ಣತೆಗೆ ತಕ್ಕ ಪ್ರಮಾಣದಲ್ಲಿ, ಒಂದೊಂದಕ್ಕೆ ಸ್ಥಾನವನ್ನೂ ವೇಗವನ್ನೂ ಹಂಚಿಕೊಡುವದು. ಬಳಿಕ ಪ್ರತಿಯೊಂದನ್ನೂ ಬೀಳಬಿಟ್ಟು, ಅದು ಇರುವ ಜಾಗದಲ್ಲಿ ಬೆಳಕು ಎಷ್ಟು ತೀಕ್ಷ್ಣವೆಂಬದನ್ನು ನೋಡಿ, ಒಂದೊಂದು ಮಿಡಿತದಿಂದಲೂ ಆಗುವ ಪರಿಣಾಮವನ್ನು ಗಣಿಸಿ, ಕೊನೆಗೆ ಎಲ್ಲವನ್ನೂ ಕೂಡಿಸಿ ಸರಾಸರಿ ತೆಗೆಯುವದು. ಆಟಮ್‌ಇಸಿಎಸ್ ಎಂಬ ತಂತ್ರಾಂಶವು ಪರಮಾಣುಗಳನ್ನು ತಂಪುಗೊಳಿಸುವ ಘಟ್ಟಕ್ಕೂ, ಎಐಸಿಮ್ ಎಂಬದು ಬೆಳಕಿನ ಮಿಡಿತಗಳ ಘಟ್ಟಕ್ಕೂ ಸಂಬಂಧಿಸಿದವು. ಎರಡರ ಮೂಲಪಾಠವೂ ಯಾರು ಬೇಕಾದರೂ ಓದಿ ಪರೀಕ್ಷಿಸುವಂತೆ ತೆರೆದಿರುವದು ಗಮನಾರ್ಹವಾದ ಸಂಗತಿ. ಇದರ ಮಹತ್ವವು ಮುಂದೆ ತಿಳಿದುಬರುವದು.

ಇಂಥ ಗಣನೆಯಿಂದ ಆಗುವ ಪ್ರಯೋಜನಕ್ಕೆ ಮೂರು ಉದಾಹರಣೆಗಳನ್ನು ಕೊಡಬಹುದು.

ಮೊದಲನೆಯದು ಕಾಲಾವಧಿಯ ಪ್ರಶ್ನೆ. ಮಿಡಿತಗಳ ನಡುವಣ ಕಾಲವನ್ನು ಇಮ್ಮಡಿಗೊಳಿಸಿದರೆ ಸೂಕ್ಷ್ಮತೆಯು ನಾಲ್ಕು ಮಡಿ ಹೆಚ್ಚುವದು. ಆದರೆ 20 ಸೆಂಟಿಮೀಟರಿನ ಪತನವು 78 ಸೆಂಟಿಮೀಟರಾಗುವದು; ಯಂತ್ರವು ಎತ್ತರವಾಗಿ ಬೆಳೆಯುವದು; ಮೇಘವೂ ಎರಡು ಮಡಿ ಹರಡಿ ಕಿರಣದ ಮಂದವಾದ ಅಂಚಿಗೆ ಸರಿಯುವದರಿಂದ ವ್ಯತಿಕರಣದ ಸ್ಪಷ್ಟತೆ ಕುಂದುವದು. ಎಲ್ಲಿಗೆ ನಿಲ್ಲಬೇಕೆಂಬದನ್ನು ಹತ್ತು ಯಂತ್ರಗಳನ್ನು ಕಟ್ಟಿ ನೋಡುವ ಬದಲು ಹತ್ತು ಸಾರಿ ಗಣಿಸಿ ತಿಳಿಯಬಹುದು.

ಎರಡನೆಯದು ಅಕ್ಷಾಂಶದ ಪ್ರಶ್ನೆ. ಬೀಳುವ ಮೇಘವು ಪೂರ್ವಕ್ಕೋ ಪಶ್ಚಿಮಕ್ಕೋ ಸೆಕೆಂಡಿಗೆ ಒಂದು ಮಿಲಿಮೀಟರಿನಷ್ಟು ಸರಿಯುತ್ತಿದ್ದರೆ, ಭೂಮಿಯ ಆವರ್ತನದ ದೆಸೆಯಿಂದ ಮಾಪನದಲ್ಲಿ ತಪ್ಪು ಸೇರುವದು. ಅದು ಲಂಡನ್ನಿನಲ್ಲಿ ಮಿಲಿಗ್ಯಾಲಿನ ಸಾವಿರದಲ್ಲಿ 9 ಅಂಶಗಳಾದರೆ, ಭೂಮಧ್ಯರೇಖೆಗೆ ಹತ್ತಿರವಾದ ಧಾರವಾಡದಲ್ಲಿ 14 ಅಂಶಗಳಾಗುವದು. ಅಲ್ಲಿಗೆ ಸರಿಹೋದ ಯಂತ್ರವು ಇಲ್ಲಿಗೂ ಹಾಗೆಯೇ ಸರಿಹೋಗುವದೆಂದು ತಿಳಿಯತಕ್ಕದ್ದಲ್ಲ. ಈ ಊರಿನ ಅಕ್ಷಾಂಶವನ್ನು ಕೊಟ್ಟು ಪುನಃ ಗಣಿಸಬೇಕು.

ಮೂರನೆಯದು ನೆಲದ ನಡುಕದ ಪ್ರಶ್ನೆ. ಬೆಳಕನ್ನು ಹಿಂದಿರುಗಿಸುವ ಕನ್ನಡಿಯೇ ಈ ಯಂತ್ರದ ಅಳತೆಗೋಲು. ಎರಡನೆಯ ಮಿಡಿತದ ಹೊತ್ತಿಗೆ ಆ ಕನ್ನಡಿಯು ಮಿಲಿಮೀಟರಿನ ಲಕ್ಷದಲ್ಲೊಂದಂಶದಷ್ಟು ಅಲುಗಿದ್ದರೂ ಉತ್ತರದಲ್ಲಿ ಸುಮಾರು 0.2 ಮಿಲಿಗ್ಯಾಲ್ ತಪ್ಪಾಗುವದು. ಮೇಲೆ ಹೇಳಿದ ಪದರಗಲ್ಲಿನ ಗುರುತಿಗೆ ಇದು ಕಾಲುಭಾಗದಷ್ಟಾಯಿತು. 2023ರಲ್ಲಿ ಉದ್ಘಾಟನೆಗೊಂಡ 1507 ಮೀಟರು ಉದ್ದದ ಫಲಾಟಿನಿಂದ ಲೋಕಪ್ರಸಿದ್ಧವಾದ ಹುಬ್ಬಳ್ಳಿಯ ರೇಲ್ವೆ ನಿಲ್ದಾಣದ ಬಳಿ ಯಂತ್ರವನ್ನಿಟ್ಟರೆ ರೈಲುಗಾಡಿಗಳ ನಡುಕ ಅದಕ್ಕೆ ತಗಲದಿರದು. ಅಲ್ಲಿಯ ನಡುಕವನ್ನು ಮೊದಲೇ ಅಳೆದು ತಂತ್ರಾಂಶಕ್ಕೆ ಕೊಟ್ಟರೆ, ಎಷ್ಟು ಸಾರಿ ಮಾಪನ ಮಾಡಿ ಸರಾಸರಿ ತೆಗೆಯಬೇಕು, ಕನ್ನಡಿಯ ಕೆಳಗೆ ಎಂಥ ಆಧಾರ ಬೇಕು ಎಂಬದು ಮುಂದಾಗಿಯೇ ತಿಳಿಯುವದು.

5

ಇನ್ನು ಪ್ರಾಮಾಣ್ಯದ ವಿಚಾರ. ತಂತ್ರಾಂಶವು ಕೊಡುವ ಉತ್ತರವು ಪ್ರತ್ಯಕ್ಷವಲ್ಲವೆಂಬದು ಸ್ಪಷ್ಟ. ನಿಯತವಾದ ಭೌತನಿಯಮಗಳನ್ನು ಅವಲಂಬಿಸಿರುವದರಿಂದ ಅದು ಅನುಮಾನವೆಂದು ಕೆಲವರು ಹೇಳಬಹುದು. ವ್ಯಾಪ್ತಿಯು ಅಲ್ಲಿ ಇದೆಯೆಂಬದು ದಿಟ. ಆದರೆ ಅನುಮಾನಕ್ಕೆ ವ್ಯಾಪ್ತಿಯೊಂದೇ ಸಾಲದು. ಹೇತುವು ಪಕ್ಷದಲ್ಲಿ ಇರುವದನ್ನು ಕಂಡಿರಬೇಕು. ಪರ್ವತದಲ್ಲಿ ಹೊಗೆಯನ್ನು ಕಂಡವನು ಬೆಂಕಿಯನ್ನು ಅನುಮಾನಿಸುವನು. ಇಲ್ಲಿಯೋ ಯಂತ್ರವಿನ್ನೂ ಹುಟ್ಟಿಯೇ ಇಲ್ಲ. ಅದರಲ್ಲಿ ಹೇತುವನ್ನು ಕಂಡವರಾರು? ಇದನ್ನು ಅನುಮಾನವೆಂದರೆ ಆಕಾಶಪುಷ್ಪಕ್ಕೆ ಪರಿಮಳವನ್ನು ಸಾಧಿಸಿದಂತಾಗಿ ಆಶ್ರಯಾಸಿದ್ಧಿ ಎಂಬ ದೋಷವು ಬರುವದು.

ಇದಕ್ಕೆ ನ್ಯಾಯಶಾಸ್ತ್ರದಲ್ಲಿ ಯೋಗ್ಯವಾದ ಸ್ಥಾನವು ಬೇರೆಯೇ ಉಂಟು. ಅದುವೇ ತರ್ಕ. ಇಂದಿನ ಬಳಕೆಯಲ್ಲಿ ತರ್ಕವೆಂದರೆ ಯುಕ್ತಿವಾದವೆಲ್ಲವೂ ಆಗಿರುವದು. ಶಾಸ್ತ್ರದಲ್ಲಿ ಅದರ ಅರ್ಥವು ನಿಯತವಾದದ್ದು. ಪರ್ವತದಲ್ಲಿ ಬೆಂಕಿಯಿಲ್ಲವೆಂದು ಬೇಕೆಂದೇ ಆರೋಪಿಸಿಕೊಂಡು, ಹಾಗಾದರೆ ಹೊಗೆಯೂ ಇರಲಾರದೆಂದು ಫಲವನ್ನು ತೆಗೆಯುವದು ತರ್ಕ. ಗೌತಮನು ಹೇಳಿದ ಹದಿನಾರು ಪದಾರ್ಥಗಳಲ್ಲಿ ತರ್ಕವನ್ನು ಪ್ರಮಾಣದಿಂದ ಬೇರೆಯಾಗಿ ಎಣಿಸಿರುವದು. ಅದು ಸ್ವತಃ ಪ್ರಮಾಣವಲ್ಲ, ಪ್ರಮಾಣಕ್ಕೆ ಅನುಗ್ರಾಹಕವೆಂದು ವಾತ್ಸ್ಯಾಯನನ ನಿರ್ಣಯ. ಅನ್ನಂಭಟ್ಟನಂತೂ ಅದನ್ನು ಸಂಶಯ, ವಿಪರ್ಯಯಗಳ ಜೊತೆಗೆ ಅಯಥಾರ್ಥಜ್ಞಾನದಲ್ಲಿಯೇ ಸೇರಿಸಿದನು. ವಿದ್ಯಾರ್ಥಿಗಳಿಗೆ ಇದು ಮೊದಲು ವಿಚಿತ್ರವಾಗಿ ತೋರುವದು. ಸತ್ಯಕ್ಕೆ ಸಹಾಯ ಮಾಡುವದನ್ನು ಸುಳ್ಳಿನ ಸಾಲಿನಲ್ಲಿ ಕೂಡಿಸುವದೇಕೆ? ಅದರ ಬುಡದಲ್ಲಿರುವ ಆರೋಪವು ವಸ್ತುಸ್ಥಿತಿಯಲ್ಲವಾದ ಕಾರಣದಿಂದ. ‘ಕಿರಣದ ಅಗಲವು ಇಷ್ಟಿದ್ದರೆ, ಮೇಘದ ಉಷ್ಣತೆಯು ಇಷ್ಟಿದ್ದರೆ, ವ್ಯತಿಕರಣದ ಸ್ಪಷ್ಟತೆಯು ಇಷ್ಟಾದೀತು’ ಎನ್ನುವ ತಂತ್ರಾಂಶದ ಮಾತೂ ಇದೇ ಜಾತಿಯದು. ‘ಇದ್ದರೆ’ ಎಂಬದನ್ನು ಮರೆತೊಡನೆ ಅದು ತರ್ಕವಾಗಿ ಉಳಿಯದೆ ವಿಪರ್ಯಯವಾಗುವದು.

‘ಅನುಕರಣ’ ಎಂಬ ಹೆಸರೇ ಈ ಮರೆವಿಗೆ ಎಡೆಗೊಡುವಂತಿದೆ. ಅನುಕರಣವೆಂದರೆ ಮೊದಲು ಕಂಡದ್ದನ್ನು ಹೋಲಿಸಿ ಮಾಡುವದು. ರಸವಿಚಾರದಲ್ಲಿ ಶ್ರೀಶಂಕುಕನು ನಟನು ರಾಮನನ್ನು ಅನುಕರಿಸುವನೆಂದೂ, ಚಿತ್ರದ ಕುದುರೆಯನ್ನು ಕುದುರೆಯೆಂದು ಬಗೆದಂತೆ ಪ್ರೇಕ್ಷಕನ ಅರಿವು ಸತ್ಯಮಿಥ್ಯಗಳೆರಡಕ್ಕೂ ಸೇರದೆಂದೂ ವಾದಿಸಿದನು. ಅದಕ್ಕೆ ಭಟ್ಟತೌತನ ಪಕ್ಷದವರು, ರಾಮನ ರತಿಯನ್ನು ಮೊದಲು ಕಂಡವರಾರೂ ಇಲ್ಲ, ಕಾಣದ್ದನ್ನು ಅನುಕರಿಸುವ ಬಗೆ ಹೇಗೆ ಎಂದು ಕೇಳಿದರು. ಈ ಆಕ್ಷೇಪವನ್ನು ಸಾಹಿತ್ಯಾಧ್ಯಾಪಕರು ವರ್ಷವರ್ಷವೂ ಪಾಠ ಹೇಳುವರು. ಇನ್ನೂ ಕಟ್ಟದ ಯಂತ್ರದ ಅನುಕರಣಕ್ಕೂ ಅದು ಹಾಗೆಯೇ ಅನ್ವಯಿಸುವದು. ತಂತ್ರಾಂಶವು ಅನುಕರಿಸುವದು ಯಂತ್ರವನ್ನಲ್ಲ. ಯಂತ್ರದ ವಿಷಯದಲ್ಲಿ ಅದನ್ನು ಬರೆದವನಿಗಿರುವ ತಿಳಿವಳಿಕೆಯನ್ನು. ರೂಢವಾದ ಪದವನ್ನು ಬದಲಿಸಬೇಕೆಂದೇನೂ ಇಲ್ಲ. ಅದರ ಅರ್ಥವನ್ನು ಹೀಗೆ ನಿಯಮಿಸಿಕೊಂಡರೆ ಸಾಕು.

6

ತಿಳಿವಳಿಕೆಯಲ್ಲಿ ಸೇರದ ಸಂಗತಿಯು ಲೆಕ್ಕದಲ್ಲಿಯೂ ಸೇರದೆಂಬದಕ್ಕೆ ಲೋಲಕದ ಇತಿಹಾಸವೇ ಸಾಕ್ಷಿ. ಹತ್ತೊಂಬತ್ತನೆಯ ಶತಮಾನದ ಶೋಧಕರು ಶಾಖ, ಗಾಳಿ, ಎತ್ತರ ಮೊದಲಾದವುಗಳಿಗೆಲ್ಲ ಬಹು ಸೂಕ್ಷ್ಮವಾಗಿ ತಿದ್ದುಪಡಿ ಮಾಡುತ್ತಿದ್ದರು. 1870ರ ದಶಕದಲ್ಲಿ ಅಮೇರಿಕೆಯ ಚಾರ್ಲ್ಸ್ ಪರ್ಸನು, ಲೋಲಕದೊಡನೆ ಅದನ್ನು ಹೊತ್ತ ಆಧಾರವೂ ತೂಗುವದೆಂದು ಪ್ರಯೋಗದಿಂದ ತೋರಿಸಿದನು. ಯುರೋಪಿನಲ್ಲಿ ಪ್ರಚಾರದಲ್ಲಿದ್ದ ಯಂತ್ರಗಳ ಫಲಗಳನ್ನು ಪುನಃ ತಿದ್ದಬೇಕಾಯಿತು. ಪರ್ಸನು ದೊಡ್ಡ ತರ್ಕಶಾಸ್ತ್ರಜ್ಞನೂ ಹೌದೆಂಬದು ಇಲ್ಲಿ ಸ್ಮರಣೀಯ. ಆಧಾರವು ಸ್ಥಿರವೆಂಬ ಆರೋಪವು ಎಲ್ಲರ ಗಣಿತದಲ್ಲಿಯೂ ಅಡಗಿತ್ತು. ಅದನ್ನು ಆರೋಪವೆಂದು ಕಂಡವನು ಅವನು.

ಅಳತೆ ಮಾಡಿದ್ದೆಲ್ಲವೂ ನಿರ್ದೋಷವೆಂಬ ಭ್ರಾಂತಿಯೂ ಬೇಡ. ಜರ್ಮನಿಯ ಪೋಟ್ಸ್‌ಡಾಮಿನಲ್ಲಿ ಲೋಲಕಗಳಿಂದ ಅಳೆದು 1906ರಲ್ಲಿ ಪ್ರಕಟಿಸಿದ ಗುರುತ್ವದ ಬೆಲೆಯನ್ನು ಲೋಕವೆಲ್ಲವೂ ಮೂಲವಾಗಿ ಅಂಗೀಕರಿಸಿತು. ಅದು ಸುಮಾರು 14 ಮಿಲಿಗ್ಯಾಲಿನಷ್ಟು ಹೆಚ್ಚಾಗಿತ್ತೆಂದು ಬೇರೆ ರೀತಿಯ ಮಾಪನಗಳಿಂದ ಗೊತ್ತಾಗಿ, 1971ರಲ್ಲಿ ಹೊಸ ಅಂತರರಾಷ್ಟ್ರೀಯ ವ್ಯವಸ್ಥೆಯು ಬಂದಿತು. ಮೇಲೆ ಹೇಳಿದ ಪರಮಾಣುಯಂತ್ರದಲ್ಲಿ ಈ ತಪ್ಪು ಮೂರೂವರೆ ಸುತ್ತುಗಳಿಗೂ ಮಿಕ್ಕಿ ತೋರುವದು. ಆದುದರಿಂದ ಪ್ರಮಾಣಕ್ಕೂ ತರ್ಕದ ನೆರವು ಬೇಕು. ತರ್ಕಕ್ಕೂ ಪ್ರಮಾಣದ ಮುದ್ರೆ ಬೇಕು.

ಆ ಮುದ್ರೆ ಬೀಳುವದು ಸಂವಾದದಿಂದ. 1999ರಲ್ಲಿ ಚೂ ಅವರ ಪ್ರಯೋಗಶಾಲೆಯಲ್ಲಿ ಪರಮಾಣುಗಳ ಪತನದಿಂದ ದೊರೆತ ಗುರುತ್ವವನ್ನೂ, ಗಾಜಿನ ಪ್ರತಿಫಲಕವನ್ನು ಬೀಳಬಿಟ್ಟು ಅಳೆಯುವ ಬೇರೊಂದು ಯಂತ್ರದ ಫಲವನ್ನೂ ಹೋಲಿಸಲಾಯಿತು. ಎರಡಕ್ಕೂ ನೂರು ಕೋಟಿಯಲ್ಲಿ ಏಳು ಅಂಶಗಳಷ್ಟು ಮಾತ್ರ ಅಂತರವಿದ್ದಿತು; ಆ ಹೋಲಿಕೆಯ ಅನಿಶ್ಚಯವೂ ಅಷ್ಟೇ ಇತ್ತು. 2022ರಲ್ಲಿ ಇಂಗ್ಲಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಪರಮಾಣುಯಂತ್ರವನ್ನು ಬಯಲಿಗೆ ತಂದು, ನೆಲದೊಳಗಿನ ಎರಡು ಮೀಟರು ಅಗಲದ ಸುರಂಗವನ್ನು ಗುರುತ್ವದಿಂದಲೇ ಗುರುತಿಸಿದುದನ್ನು ಪ್ರಕಟಿಸಿದರು. ಸುರಂಗವು ಅಲ್ಲಿ ಇರುವದು ಮೊದಲೇ ಗೊತ್ತಿದ್ದುದರಿಂದಲೇ ಅದು ಪರೀಕ್ಷೆಯಾಯಿತು.

7

ಈ ವಿವೇಕವು ಈಗ ಈ ದೇಶಕ್ಕೂ ಪ್ರಸ್ತುತವಾಗಿದೆ. ಭಾರತ ಸರಕಾರವು 2023ರ ಏಪ್ರಿಲಿನಲ್ಲಿ 6003.65 ಕೋಟಿ ರೂಪಾಯಿಗಳ ರಾಷ್ಟ್ರೀಯ ಕ್ವಾಂಟಮ್ ಅಭಿಯಾನಕ್ಕೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಸಂವೇದಕ ಮತ್ತು ಮಾಪನಗಳ ವಿಭಾಗಕ್ಕೆ ಮುಂಬಯಿಯ ಐಐಟಿಯು ಕೇಂದ್ರವಾಗಿರುವದು. ಬೆಂಗಳೂರಿನಲ್ಲಿ ಸರ್ ಸಿ. ವಿ. ರಾಮನ್ನರು 1948ರಲ್ಲಿ ಸ್ಥಾಪಿಸಿದ ಸಂಶೋಧನ ಸಂಸ್ಥೆಯಲ್ಲಿ ಲೇಸರಿನಿಂದ ಪರಮಾಣುಗಳನ್ನು ತಂಪುಗೊಳಿಸುವ ಪ್ರಯೋಗಗಳು ನಡೆದಿವೆ. ಅಂಥ ಯಂತ್ರವು ಒಂದು ದಿನ ಕಪ್ಪತಗುಡ್ಡದ ಅಡಿಗೆ ಬಂದು ಧಾರವಾಡದ ಕಲ್ಲುಗಳನ್ನು ಪರೀಕ್ಷಿಸುವದು ಅಸಂಭವವಲ್ಲ. ಆಗ ಅದರ ಸೂಕ್ಷ್ಮತೆಯನ್ನು ಹೊಗಳುವ ಅಂಕೆಗಳೂ ಪತ್ರಿಕೆಗಳಲ್ಲಿ ಬರುವವು. ಆ ಅಂಕೆಗಳನ್ನು ನಂಬಿ ಎಲ್ಲಿ ಗಣಿ ತೋಡಬೇಕು, ಎಲ್ಲಿ ತೋಡಬಾರದು ಎಂಬ ನಿರ್ಧಾರಗಳೂ ನಡೆಯಬಹುದು. ಅವುಗಳ ಫಲವನ್ನು ಅನುಭವಿಸತಕ್ಕವರು ಗುಡ್ಡದ ಅಡಿಯಲ್ಲಿ ಬಾಳುವವರು.

ಆದ್ದರಿಂದ ಅಂಥ ಪ್ರತಿಯೊಂದು ಅಂಕೆಗೂ ಮೂರು ಪ್ರಶ್ನೆಗಳನ್ನು ಹಾಕಬೇಕು. ಇದು ಅಳೆದದ್ದೋ ಗಣಿಸಿದ್ದೋ? ಗಣಿಸಿದ್ದಾದರೆ ಯಾವ ಯಾವ ಆರೋಪಗಳ ಮೇಲೆ? ಆ ಆರೋಪಗಳನ್ನು ಪರರು ಓದಿ ಪರೀಕ್ಷಿಸುವಂತೆ ತೆರೆದಿಟ್ಟಿದೆಯೋ ಇಲ್ಲವೋ? ಈ ಪ್ರಶ್ನೆಗಳನ್ನು ಕೇಳುವದಕ್ಕೆ ಭೌತಶಾಸ್ತ್ರದ ಪಾಂಡಿತ್ಯ ಬೇಕಾಗದು. ಪಾಠಾಂತರವನ್ನು ಊಹಿಸಿದವನು ಅದು ಓಲೆಯಲ್ಲಿಯೇ ಇದೆಯೆಂದು ಹೇಳಬಾರದೆಂಬ ನಿಯಮವನ್ನು ಪಾಲಿಸುವ ಗ್ರಂಥಸಂಪಾದಕನಿಗೆ ಇದು ಹೊಸದಲ್ಲ. ಊಹಿತಪಾಠವು ಎಷ್ಟೇ ಸೊಗಸಾಗಿದ್ದರೂ ಅದನ್ನು ಕಂಸದಲ್ಲಿಟ್ಟೇ ಅಚ್ಚು ಹಾಕಿಸುವನು. ಓಲೆ ದೊರೆತ ದಿನ ಕಂಸವನ್ನು ತೆಗೆಯುವನು. ಗೌತಮನ ಪದಾರ್ಥಗಣನೆಯಲ್ಲಿ ತರ್ಕದ ತರುವಾಯ ಬರುವದು ನಿರ್ಣಯ. ಪರಮಾಣು ಬಿದ್ದು ಅದರ ಪತನವನ್ನು ಅಳೆದ ಮೇಲೆಯೇ ಆ ನಿರ್ಣಯಕ್ಕೆ ಅವಕಾಶ. ಅಲ್ಲಿಯವರೆಗೆ ತಂತ್ರಾಂಶದ ಉತ್ತರವು ಕಂಸದೊಳಗಿನ ಪಾಠವೇ ಸರಿ.